ಮರಳಿನ ಹಳದಿ ಹೂವು

ಸೇವಂತಿಗೆ ಎಲೆ ಜಜ್ಜಿದ ವಾಸನೆ ಬಂದರೆ ನನಗೆ ಈಗಲೂ ಕೊಲ್ಲಿ ದೇಶದ ಬನಿಯಾಸ್‌ನ ಆ ಮಧ್ಯಾಹ್ನ ನೆನಪಾಗುತ್ತದೆ. ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯವರು ಅಮ್ಮನನ್ನು ಮನೆಗೆ ಕಳುಹಿಸಿದ್ದರು. ವಾಸಿಯಾಗಿ ಬಂದಳೆಂದೇ ನಾನು ತಿಳಿದಿದ್ದೆ. ಅಮ್ಮ ಹಿಂದೆ ಉಡುಪಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು. ಅವಳಿಗೆ ತೋರಿಸಲೆಂದು, ಮನೆಯ ಹಿಂದಿನ ಮರಳಿನಲ್ಲಿ ಅರಳಿದ್ದ ಹಳದಿ ಹೂವಿನ ರೆಂಬೆಯೊಂದನ್ನು ಅಪ್ಪನೂ ನಾನೂ ಮುರಿದು ತಂದೆವು.

ಅಮ್ಮ ಮಲಗಿದಲ್ಲೇ ಎಲೆ ತಿಕ್ಕಿ ಮೂಸಿದಳು. ಉಗುರಿನಿಂದ ಹೂವನ್ನು ಸೀಳಿದಳು.

"ನೋಡು ಮಗಾ, ಇದು ಒಂದು ಹೂವಲ್ಲ. ಸಣ್ಣ ಸಣ್ಣ ಹೂಗಳೆಲ್ಲ ಒಟ್ಟಿಗೆ ಕೂತದ್ದು. ಸೇವಂತಿಗೆಯ ಸಂಬಂಧವೇ."

"ಹೆಸರೆಂತ ಅಮ್ಮ?"

"ಬೀಜ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ. ಸೆಕೆ ಸುರುವಾಗುವಾಗ ಬೀಜ ಕಟ್ತದೆ. ಆಗ ತಾ, ಹೇಳ್ತೇನೆ."

ನಾನು ಹೂಂ ಎಂದೆ. ಅಪ್ಪ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಹಳ ಹೊತ್ತು ಸುಮ್ಮನೆ ಹರಿಯುತ್ತಿತ್ತು.