ಗಿರಿಯಪ್ಪನ ಮರದ ಇರುವೆಗಳು

ಹಿತ್ತಿಲ ತೆಂಗಿನಮರದ ಬುಡದಲ್ಲಿ ಇರುವೆ ಮುತ್ತಿದ್ದನ್ನು ಕಂಡ ದಿನವೇ ಗಿರಿಯಪ್ಪ ಬೆಲ್ಲ ಬಿಟ್ಟ. ಮರುದಿನ ಅನ್ನ ಬಿಟ್ಟ. ಮೂರನೆಯ ದಿನ ಬದುಕುವ ಆಸೆಯನ್ನೇ ಬಿಟ್ಟು ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ. ಮೂತ್ರ ಹೊಯ್ದಲ್ಲಿ ಇರುವೆ ಬಂದರೆ ಅದು ಸಿಹಿಮೂತ್ರದ ಕಾಯಿಲೆ ಎಂಬುದು ಹೊಯಿಗೆಬಜಾರಿಗೆಲ್ಲ ಗೊತ್ತಿತ್ತು. ಊರಿಗೆ ಅದನ್ನು ಸಾರಿದವಳು ಪಕ್ಕದ ಮನೆಯ ದಮಯಂತಿ.

ಕಾಯಿಲೆ ಇದ್ದದ್ದು ಅವಳ ಗಂಡ ಸೇಸಪ್ಪನಿಗೆ. ಹಂಪನಕಟ್ಟೆಯ ಡಾಕ್ಟರು ಅವನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿ ನೋಡಿ, ಸಕ್ಕರೆ ಬೆಲ್ಲ ಮುಟ್ಟಕೂಡದು, ಅನ್ನ ಅರ್ಧಕ್ಕೆ ಇಳಿಸಬೇಕು ಎಂದಿದ್ದರು. ದಮಯಂತಿಗೆ ಗಾಜಿನ ನಳಿಗೆಯ ಮೇಲೆ ನಂಬಿಕೆ ಇರಲಿಲ್ಲ. ಗಂಡನ ಮೇಲಂತೂ ಇರಲೇ ಇಲ್ಲ. ಆಕೆ ನಂಬಿದ್ದು ಇರುವೆಯನ್ನು. ದಿನಾ ಬೆಳಗ್ಗೆ ತಮ್ಮ ಮರದ ಬುಡ ನೋಡುವಳು. ಇರುವೆ ಕಂಡರೆ ಆ ದಿನ ಸೇಸಪ್ಪನಿಗೆ ಗಂಜಿಯೂ ಅರ್ಧ, ಮರ್ಯಾದೆಯೂ ಅರ್ಧ. ಆ ವರ್ಷ ದೇಶವೆಲ್ಲ ಉಪ್ಪಿಗಾಗಿ ಸರಕಾರದ ಎದುರು ನಿಂತಿತ್ತು. ಸೇಸಪ್ಪ ಬೆಲ್ಲಕ್ಕಾಗಿ ಹೆಂಡತಿಯ ಎದುರು ನಿಂತು ದಿನವೂ ಸೋಲುತ್ತಿದ್ದ.

ಕೊನೆಗೆ ಅವನೊಂದು ಉಪಾಯ ಹೂಡಿದ. ಬೆಳಕು ಹರಿಯುವ ಮೊದಲೇ ಬೇಲಿ ದಾಟಿ ಗಿರಿಯಪ್ಪನ ಮರದ ಬುಡದಲ್ಲಿ ಕೂತು ಬರುವುದು, ತಮ್ಮ ಮರಕ್ಕೆ ಒಂದು ಚೆಂಬು ಬಾವಿನೀರು ಹೊಯ್ಯುವುದು. ಸಂಜೆ ಬಲೆ ಸರಿಮಾಡುವ ನೆಪದಲ್ಲಿ ಅದೇ ಗಿರಿಯಪ್ಪನ ಜಗಲಿಯಲ್ಲಿ ಕೂತು, ಅವನ ಹೆಂಡತಿ ಮೋಹಿನಿ ಕೊಡುವ ಬೆಲ್ಲದ ಕಾಫಿ ಹೊಟ್ಟೆತುಂಬ ಇಳಿಸುವುದು. ಇರುವೆ ಕಾಣದೆ ದಮಯಂತಿ ಗಂಡನಿಗೆ ಗುಣವಾಯಿತೆಂದು ದೇವರಿಗೆ ದೀಪ ಹಚ್ಚಿದಳು.

ಎಲ್ಲ ಸುಖವಾಗಿ ಸಾಗುತ್ತಿದ್ದಾಗ ಗಿರಿಯಪ್ಪ ಮಲಗಿಬಿಟ್ಟ. ಮೋಹಿನಿ ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ತವರಿಗೆ ಕಳಿಸಿದಳು. ತನ್ನ ಕಾಫಿ ಹೋಯಿತಲ್ಲ ಎಂದು ಸೇಸಪ್ಪನಿಗೆ ಮೊದಲು ಸಿಟ್ಟೇ ಬಂತು. ಆದರೆ ವಾರದೊಳಗೆ ಗಿರಿಯಪ್ಪನ ಕೆನ್ನೆಗಳು ಗುಳಿಬಿದ್ದವು. ಒಂದು ಸಂಜೆ ಅವನು ಸೇಸಪ್ಪನ ಕೈ ಹಿಡಿದು, "ನಾನು ಹೋದ ಮೇಲೆ ದೋಣಿಯ ಚುಕ್ಕಾಣಿ ನೀನೇ ಹಿಡಿ," ಎಂದ. ಹುಡುಗಾಟದ ವಯಸ್ಸಿನಿಂದ ಒಂದೇ ದೋಣಿಯಲ್ಲಿ ಕಡಲಿಗಿಳಿದವರು ಅವರು. ಸೇಸಪ್ಪನಿಗೆ ತಡೆಯಲಾಗಲಿಲ್ಲ.

"ಆ ಇರುವೆ ನಿನ್ನದಲ್ಲ ಮಾರಾಯ, ನನ್ನದು."

ಗಿರಿಯಪ್ಪನ ಕಣ್ಣು ತುಂಬಿತು. "ನನ್ನ ಸಮಾಧಾನಕ್ಕೆ ಹೇಳ್ತಿ ನೀನು."

"ಅಲ್ಲ. ದಿನಾ ಬೆಳಗ್ಗೆ ಬೇಲಿ ದಾಟಿ ಬರ್ತೇನೆ ನಾನು."

"ಎಂತಕ್ಕೆ? ನಿಮ್ಮ ಹಿತ್ತಿಲಲ್ಲಿ ಮರ ಇಲ್ವಾ?"

ಅದಕ್ಕೆ ಸೇಸಪ್ಪ ಇಡೀ ಕಥೆ ಹೇಳಬೇಕಾಯಿತು. ಅವನು ಹೇಳಿ ಮುಗಿಸುವಷ್ಟರಲ್ಲಿ ಮೋಹಿನಿ ಹೋಗಿ ದಮಯಂತಿಯನ್ನು ಕರೆತಂದಿದ್ದಳು. ದಮಯಂತಿ ಒಬ್ಬಳೇ ತಕ್ಷಣ ನಂಬಿದಳು.

"ನಿಜ ಹೇಳುವಾಗ ಇವರ ಮುಖ ಹೀಗೇ ಇರುದು," ಎಂದಳು. "ಅಪರೂಪಕ್ಕೆ ನೋಡಿದ್ದಲ್ವಾ, ನೆನಪುಂಟು."

ಗಿರಿಯಪ್ಪ ಮಾತ್ರ ಒಪ್ಪಲಿಲ್ಲ. ಸಾಯುವವನಿಗೆ ಎಲ್ಲರೂ ಸೇರಿ ಸುಳ್ಳು ಹೇಳುತ್ತಿದ್ದಾರೆಂದು ಗೋಡೆಯ ಕಡೆ ತಿರುಗಿದ. ಬೆಳಗ್ಗೆ ಇಬ್ಬರೂ ಅವರವರ ಮರಕ್ಕೇ ಹೋಗಲಿ, ನೋಡಿಯೇ ಬಿಡುವ ಎಂದಳು ಮೋಹಿನಿ. ಸೇಸಪ್ಪನಿಗೆ ಈಗ ಬೇರೆಯೇ ಭಯ ಹತ್ತಿತು. ಬೆಲ್ಲ ಕಾಣದೆ ವಾರವಾಯಿತು. ತನ್ನ ಮರಕ್ಕೆ ಇರುವೆ ಬಾರದೇ ಹೋದರೆ ಗಿರಿಯಪ್ಪ ಉಳಿಯುವುದಿಲ್ಲ.

ಅದನ್ನೇ ಹೆಂಡತಿಗೆ ಹೇಳಿದ. ದಮಯಂತಿ ಮನೆಗೆ ಹೋಗಿ ಪೆಟ್ಟಿಗೆಯ ಬೀಗ ತೆಗೆದು, ಮುಷ್ಟಿಗಾತ್ರದ ಬೆಲ್ಲ ತಂದು ಗಂಡನ ಅಂಗೈಯಲ್ಲಿಟ್ಟಳು.

"ಪೂರಾ ತಿನ್ನಿ," ಎಂದಳು.

ಸೇಸಪ್ಪ ಕಣ್ಣುಮುಚ್ಚಿ ತಿಂದ. ನಾಳೆಯಿಂದ ತನ್ನ ಗತಿ ಏನೆಂದು ಗೊತ್ತಿದ್ದರೂ ಬೆಲ್ಲ ಸಿಹಿಯಾಗಿಯೇ ಇತ್ತು.

ಮರುದಿನ ಬಿಸಿಲು ಏರುವಾಗ ನಾಲ್ವರೂ ಬೇಲಿಯ ಹತ್ತಿರ ಸೇರಿದರು. ಗಿರಿಯಪ್ಪನ ಮರದ ಬುಡದಲ್ಲಿ ಒಂದು ಇರುವೆಯೂ ಇರಲಿಲ್ಲ. ಸೇಸಪ್ಪನ ಮರದ ಬುಡಕ್ಕೆ ಮೊದಲು ಒಂದು ಬಂತು, ಸುತ್ತ ತಿರುಗಿ ನೋಡಿತು, ಹೋಗಿ ಬಳಗವನ್ನೆಲ್ಲ ಕರೆದುಕೊಂಡು ಬಂತು. ಗಿರಿಯಪ್ಪ ಆ ಸಾಲಿಗೆ ಕೈಮುಗಿದ. ಸೇಸಪ್ಪನನ್ನು ತಬ್ಬಿಕೊಂಡು, "ನನ್ನನ್ನು ಬದುಕಿಸಿದಿ ಮಾರಾಯ," ಎಂದು ಅತ್ತ. ಅವನ ಬೆನ್ನಿನ ಮೂಳೆಗಳು ಕೈಗೆ ತಾಗಿ ಸೇಸಪ್ಪನಿಗೂ ಅಳು ಬಂತು.

ಮೋಹಿನಿ ದಮಯಂತಿಯಿಂದಲೇ ಬೆಲ್ಲ ಇಸಿದುಕೊಂಡು ಕಾಫಿಗೆ ನೀರಿಟ್ಟಳು. ಸ್ವಲ್ಪ ಹೊತ್ತಿಗೆ ಜಗಲಿಯ ತುಂಬ ಪರಿಮಳ ಹರಡಿತು. ಜಗಲಿಯಲ್ಲಿ ಕೂತಿದ್ದವರು ಮೂವರು. ಮೋಹಿನಿ ಸೇರಿ ನಾಲ್ಕು ಜನ. ಒಳಗಿಂದ ಅವಳು ತಂದದ್ದು ಮೂರು ಲೋಟ: ಗಿರಿಯಪ್ಪನಿಗೊಂದು, ದಮಯಂತಿಗೊಂದು, ತನಗೊಂದು.