ಸಮಾಧಿ ಪಕ್ಕದ ಬಸಿಗಾಲುವೆ

ಕಾಲುವೆ ತೋಡುತ್ತಿದ್ದ ಕೂಲಿಯಾಳು ದಾವೂದನ ಗುದ್ದಲಿ ಸಮಾಧಿಯಿಂದ ಒಂದು ಮಾರು ದೂರಕ್ಕೆ ಬಂದಿತ್ತು. ಅಷ್ಟರಲ್ಲಿ ಅಕ್ಕನಾಗಮ್ಮ ಓಡಿಬಂದು ಅಡ್ಡ ಕೂತುಬಿಟ್ಟಳು. ಗಂಡನ ಸಮಾಧಿಯ ಮೇಲೆ ಎದ್ದ ಬಿಳಿ ಪುಡಿಯನ್ನು ಸೆರಗಿಗೆ ಬಳಿದುಕೊಂಡಿದ್ದಳು. ಹಣೆಯ ಮೇಲೂ ಅದೇ ಪಟ್ಟೆ.

“ಏಳ್ರಿ ಅತ್ತಿಗೆ,” ಎಂದ ಮೈದುನ ಬೆನಕಪ್ಪ. “ಗದ್ದೆ ನೀರು ಹಳ್ಳಕ್ಕೆ ಬಸಿದು ಹೋಗಾಕೆ ಇದೊಂದೇ ಇಳಿಜಾರು. ಅಣ್ಣನ ಸಮಾಧಿ ಮುಟ್ಟಲ್ಲ, ಪಕ್ಕಕ್ಕೇ ಹಾಯ್ತದೆ.”

“ಕಾಲುವೆ ತೆಗೆದ್ರೆ ವಿಭೂತಿ ಏಳೋದು ನಿಲ್ತದೆ ಅಂದೋನು ನೀನೇ ಅಲ್ಲೇನೋ?”

“ಅದು ವಿಭೂತಿ ಅಲ್ರಿ. ಚೌಳು. ಉಪ್ಪು.”

ನಾಲೆ ನೀರು ಬಂದಮೇಲೆ ವರ್ಷಕ್ಕೆರಡು ಬೆಳೆ ಐ.ಆರ್. ಎಂಟು ಭತ್ತ ಹಾಕಿ, ಆ ಗದ್ದೆಯನ್ನು ಒಣಗಲು ಬಿಟ್ಟವರೇ ಇರಲಿಲ್ಲ. ಅಕ್ಕನಾಗಮ್ಮನ ಗಂಡ ಸದಾಶಿವಪ್ಪ ಸತ್ತ ಮರುಬೇಸಿಗೆ ಅವನ ಸಮಾಧಿಯ ಮೇಲೆ ಬಿಳುಪು ಕಾಣಿಸಿತು. ಬದುಕಿದ್ದಾಗ ಅವನಿಗೆ ಪಂಚಾಯ್ತಿ ಕಟ್ಟೆಯಲ್ಲಿ ಜಾಗ ಕೊಡದವರೂ ಬಂದು, ವಿಭೂತಿ ಎದ್ದಿದೆಯೆಂದು ಕೈಮುಗಿದರು. ದೂರದ ಬಳ್ಳಿಗಾವಿಯವರೂ ಚಿಟಿಕೆ ಪುಡಿ ಕಟ್ಟಿಕೊಂಡು ಹೋದರು. ಬಿಳುಪು ಗದ್ದೆಗೂ ಇಳಿದಾಗ, ಗಂಡ ಎದ್ದು ಬದು ಸುತ್ತುತ್ತಿದ್ದಾನೆಂದೇ ಅಕ್ಕನಾಗಮ್ಮ ಹಿಗ್ಗಿದ್ದಳು. ಹೋದ ಬೆಳೆಯಲ್ಲಿ ಸಸಿಗಳ ತುದಿ ಸುಟ್ಟು ಅರ್ಧ ಗದ್ದೆ ಬೋಳಾಯಿತು.

“ನಾಳೆ ಜನ ಬಂದು ಕೇಳಿದ್ರೆ ಏನ್ ಹೇಳ್ಲಿ? ನಮ್ಮನೆಯವ್ರು ಶರಣರಲ್ಲ, ಬರೀ ಉಪ್ಪು ಅನ್ಲೇನು?”

ದಾವೂದ್ ಬೀಡಿ ಹಚ್ಚಿದ. “ನಮ್ಮ ಖಬರಸ್ತಾನದಾಗೂ ಇದೇ ಬಿಳುಪು ಐತಕ್ಕ. ಅಲ್ಲಿ ಮಲಗಿದೋರು ಯಾರೂ ಜೀವಮಾನದಾಗೆ ವಿಭೂತಿ ಹಚ್ಚಿದೋರಲ್ಲ.”

“ನೀನು ಬಾಯ್ಮುಚ್ಚೋ ಮಾರಾಯ!” ಎಂದಳು. ಬಂದ ನಗುವನ್ನು ತಡೆದುಕೊಂಡದ್ದಕ್ಕೆ ಕಣ್ಣಲ್ಲಿ ನೀರು ಬಂತು.

ಬೆನಕಪ್ಪ ಮಾತು ಬಿಟ್ಟು, ಗುದ್ದಲಿ ಕಿತ್ತುಕೊಂಡು, ಅವಳು ಕೂತಲ್ಲೇ ಪಕ್ಕದಲ್ಲಿ ಅಗೆಯತೊಡಗಿದ. ಮೊಳಕಾಲುದ್ದ ಹೋಗುವಷ್ಟರಲ್ಲಿ ಗುಂಡಿಯ ಗೋಡೆ ಬೆವರಿತು. ತಳದಲ್ಲಿ ಕಂದು ನೀರು ಜಿನುಗಿ, ನೋಡನೋಡುತ್ತ ಮೇಲೇರಿತು.

“ನಾಲೆ ನಿಲ್ಸಿ ತಿಂಗಳಾತು. ಆದ್ರೂ ನೋಡ್ರಿ, ಎಲ್ಲಿಗೆ ನಿಂತದೆ ನೀರು. ಈ ನೀರು ಇಳೀದೆ ಏನು ಹಾಕಿದ್ರೂ ಗದ್ದೆ ಉಳಿಯಲ್ಲ.”

ಅಕ್ಕನಾಗಮ್ಮ ಗುಂಡಿಯನ್ನೇ ನೋಡಿದಳು. ಆಮೇಲೆ ಪಕ್ಕದ ಸಮಾಧಿಯನ್ನು. ಅವಳ ಮುಖದ ಕಳೆಯೇ ಇಳಿದುಹೋಯಿತು.

“ನಿಮ್ಮಣ್ಣನ್ನ ಎಷ್ಟು ಆಳದಾಗೆ ಕೂರ್ಸಿದ್ರಿ?”

ಬೆನಕಪ್ಪ ತಲೆ ತಗ್ಗಿಸಿದ. “ಆಳುದ್ದ.”

“ಹಂಗಾದ್ರೆ ಇಷ್ಟು ವರ್ಷ ನೆತ್ತಿ ಮುಳುಗೋವಷ್ಟು ನೀರಾಗೆ ಕೂತವ್ರೆ. ಮೇಲೆ ನಿಂತು ನಾವು ಪುಡಿ ಬಳೀತಿದ್ವಿ.”

ಅವಳು ಎದ್ದು ಸೆರಗು ಕೊಡವಿದಳು. ಗುದ್ದಲಿಯನ್ನು ಮೈದುನನ ಕೈಯಿಂದ ತೆಗೆದು ದಾವೂದನಿಗೆ ಕೊಟ್ಟಳು. ಅವನು ಅಂಗಿ ಬಿಚ್ಚಿ ಗುಂಡಿಗಿಳಿದ.

“ಸೊಂಟದ ಮಟ್ಟ ತೆಗೆದ್ರೆ ಗದ್ದೆಗೆ ಸಾಕಂತೆ ಅತ್ತಿಗೆ,” ಎಂದ ಬೆನಕಪ್ಪ ಮೆಲ್ಲಗೆ.

“ಗದ್ದೆಗೆ ಸಾಕು. ಅವ್ರ ಕಾಲು ಒಣಗಬೇಕಲ್ಲ. ಇಳಿಸು ದಾವೂದ್, ಇನ್ನೂ ಇಳಿಸು.”