ಹುಳ ಬೀಳದ ಬದನೆಕಾಯಿ

ಮಂಗಳಮ್ಮ ಈಳಿಗೆಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. ಒಂದೊಂದನ್ನೂ ಸೀಳುವುದು, ಬೆಳಕಿಗೆ ಹಿಡಿದು ನೋಡುವುದು, ಬದಿಗೆ ಎಸೆಯುವುದು. ಸಿಪ್ಪೆಯ ತುಂಬ ಸೂಜಿಮೊನೆಯಷ್ಟು ತೂತು. ಒಳಗೆ ಹುಳ ಮಾತ್ರ ಇಲ್ಲ. ಎಂಟು ದಿನದಿಂದ ಹೀಗೇ. ಒಲೆಯ ಮುಂದಿದ್ದ ಸೊಸೆ ಚಂದ್ರಮತಿ ತಲೆ ಎತ್ತಲಿಲ್ಲ. ಹುಳ ಯಾಕಿಲ್ಲವೆಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಬಾಗಿಲ ಬಳಿ ಮಂಗಳಮ್ಮನ ಬಟ್ಟೆಗಂಟು ಕಾದಿತ್ತು. ಅವರಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಗ್ಗೆ ಉಣ್ಣುವ ಮುಂಚೆ ಇನ್ಸುಲಿನ್ ಸೂಜಿ ಬೀಳಲೇಬೇಕು. ಎರಡು ವರ್ಷದಿಂದ ಸೈಕಲ್ಲಿನಲ್ಲಿ ಕುಂಬಾರಕೊಪ್ಪಲಿಗೆ ಬಂದು ಹಾಕಿ ಹೋಗುತ್ತಿದ್ದ ಕಾಂಪೌಂಡರ್ ಗುರುಸಿದ್ದಯ್ಯ ವರ್ಗವಾಗಿ ನಿನ್ನೆ ಊರು ಬಿಟ್ಟಿದ್ದರು. ಹುಣ್ಣು ಬಿದ್ದ ಕಾಲಿನಲ್ಲಿ ದಿನಾ ದೊಡ್ಡಾಸ್ಪತ್ರೆಗೆ ನಡೆಯುವುದು ಆಗದ ಮಾತು. ಇನ್ನು ಅಲ್ಲಿನ ವಾರ್ಡೇ ಮನೆ. ಮಗ ಚೆಲುವರಾಜು ಜಟಕಾ ತರಲು ಹೋಗಿದ್ದ.

"ಗಾಡಿ ಬಂತಾ ಮಂಗಳಕ್ಕ?" ಎನ್ನುತ್ತ ಪಕ್ಕದ ಮನೆಯ ಜವರಪ್ಪ ಬಂದು ಗೋಡೆಗೊರಗಿ ಕೂತ. ಅವನಿಗೂ ಅದೇ ಕಾಯಿಲೆ, ಅದೇ ಕಾಂಪೌಂಡರ್. ಸೂಜಿ ಹಾಕಿಸಿಕೊಳ್ಳಲು ಅದೇ ಜಟಕಾದಲ್ಲಿ ಹೊರಟಿದ್ದ. ಒದ್ದೆ ಬಟ್ಟೆ ಸುತ್ತಿದ ಔಷಧಿ ಸೀಸೆ ಕೈಯಲ್ಲಿತ್ತು.

ಚಂದ್ರಮತಿ ಕುದಿಯುವ ನೀರಿನಿಂದ ಗಾಜಿನ ಸಿರಿಂಜನ್ನು ಇಕ್ಕಳದಲ್ಲಿ ಎತ್ತಿ ಆರಲು ಇಟ್ಟಳು. ತಂಪಿಗೆಂದು ಹೊಸ ಗಡಿಗೆಯ ಒದ್ದೆ ಮರಳಿನಲ್ಲಿ ಹೂತಿದ್ದ ಅತ್ತೆಯ ಸೀಸೆಯನ್ನು ತೆಗೆದಳು.

"ಏನೇ ಅದು?"

"ಸೂಜಿ ಅತ್ತೆ. ನಾನೇ ಹಾಕ್ತೀನಿ."

ಜವರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಕನೇ ಕ್ಲಾಸ್‌ಗೆ ಸ್ಕೂಲ್ ಬುಟ್ಟವ್ಳು ಸೂಜಿ ಹಾಕ್ತಾಳಂತೆ! ಗಾಡಿ ಆಸ್ಪತ್ರೆಗೆ ಬ್ಯಾಡ ಕಣಕ್ಕ, ಸೀದಾ ಮೇಲಕ್ಕೇ ಹೊಡ್ಸು ಅನ್ನು."

ಚಂದ್ರಮತಿಯ ಕಿವಿ ಕೆಂಪಾಯಿತು. ಅವಳು ಔಷಧಿಯನ್ನು ಗೆರೆಯವರೆಗೆ ಎಳೆದು, ಗಾಳಿಗುಳ್ಳೆ ಹೊರಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಮಂಗಳಮ್ಮ ಅವಳ ಕೈಯನ್ನೇ ನೋಡುತ್ತಿದ್ದರು.

"ಎಲ್ಲಿ ಕಲ್ತೆ?"

"ಗುರುಸಿದ್ದಯ್ಯೋರು ಹೇಳ್ಕೊಟ್ರು. ಹಳೇ ಸೂಜಿ ಕೊಟ್ಟು, ಬದನೆಕಾಯಿಗೆ ನೀರು ಚುಚ್ಚಿ ಕಲಿ ಅಂದ್ರು. ನೆನ್ನೆ ಅವ್ರ ಮುಂದೆ ಔಷಧಿ ತುಂಬಿ ತೋರಿಸ್ದೆ. ಇನ್ ನಾನು ನಿಶ್ಚಿಂತೆಯಾಗಿ ಹೋಗ್ತೀನಿ ಅಂದ್ರು."

ಮಂಗಳಮ್ಮ ಬದಿಗೆ ಎಸೆದಿದ್ದ ಹೋಳುಗಳನ್ನು ನೋಡಿದರು, ಸೊಸೆಯನ್ನು ನೋಡಿದರು. "ಅಯ್ಯೋ ಮುಂಡೇದೇ! ಅಂಗಾದ್ರೆ ಹುಳ ನೀನೇನಾ? ಎಂಟು ದಿನದಿಂದ ಆ ತರಕಾರಿ ಮಾದೇವಮ್ಮನ ವಂಶಾನೇ ಜಾಲಾಡಿಬುಟ್ನಲ್ಲೇ!" ನಗು ಉಕ್ಕಿ ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡು ಎಡತೋಳು ಚಾಚಿ, ಮುಖ ಆ ಕಡೆ ತಿರುಗಿಸಿದರು. "ಹಾಕು. ಹಾಕೋವಾಗ ಹೇಳು ಕಣೇ, ಹಲ್ಲು ಕಚ್ಕೋತೀನಿ."

"ಹಾಕಾಯ್ತು ಅತ್ತೆ."

ತೋಳಿನ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ. ಮಂಗಳಮ್ಮ ಅದನ್ನು ಮೂರು ಸಲ ತಿರುಗಿಸಿ ನೋಡಿಕೊಂಡರು. ಅಷ್ಟರಲ್ಲಿ ಬೀದಿಯಲ್ಲಿ ಜಟಕಾದ ಗೆಜ್ಜೆ ಸದ್ದು. ಅವರು ಎದ್ದು ಕುಂಟುತ್ತಲೇ ಹೋಗಿ ಗಂಟು ಬಿಚ್ಚಿದರು, ಸೀರೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹರವುತ್ತ, ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಚೆಲುವರಾಜೂ, ಗಾಡಿ ವಾಪಸ್ ಕಳ್ಸೋ! ನಮ್ ಮನೇಗೇ ಆಸ್ಪತ್ರೆ ಬಂದದೆ!"

ಜವರಪ್ಪ ಒದ್ದೆ ಬಟ್ಟೆ ಬಿಚ್ಚಿ, ಕಾಂಪೌಂಡರ್ ಅಳತೆ ಬರೆದುಕೊಟ್ಟಿದ್ದ ಚೀಟಿಯ ಸಮೇತ ಸೀಸೆಯನ್ನು ಚಂದ್ರಮತಿಯ ಮುಂದೆ ಇಟ್ಟ. ಬದನೆಕಾಯಿ ಹೋಳುಗಳ ಪಕ್ಕದಲ್ಲೇ ಕೂತು ಅಂಗಿಯ ತೋಳು ಮಡಚಿದ.

"ಚಂದ್ರವ್ವ, ನಾನೂ ಒಂದು ಬದನೆಕಾಯಿ ಅಂದ್ಕೊಂಡು ಮೆತ್ತಗೆ ಹಾಕ್ಬುಡವ್ವ."

ಸಿರಿಂಜು ಆಗಲೇ ಕುದಿಯುವ ನೀರಿನಲ್ಲಿ ಗಲಗಲ ಅನ್ನುತ್ತಿತ್ತು.